ಪಾಠವೇ ಸಭೆಗೆ ಬರುವ ದಿನ

ಪುಷ್ಯ ಮಾಸದ ಬಹುಳ ಪಂಚಮಿಯಿಂದ ಅದೇ ಮಾಸದ ಅಮಾವಾಸ್ಯೆಯವರೆಗಿನ ಹತ್ತು ಹನ್ನೊಂದು ದಿನಗಳಿಗೆ ಕರ್ನಾಟಕ ಸಂಗೀತವನ್ನು ಕಲಿಯುವ ಮಕ್ಕಳ ವರ್ಷದಲ್ಲಿ ವಿಶೇಷವಾದ ಸ್ಥಾನವಿದೆ. ಪಂಚಮಿಯು ತ್ಯಾಗರಾಜರ ಆರಾಧನೆಯ ದಿನ, ಅಮಾವಾಸ್ಯೆಯು ಪುರಂದರದಾಸರ ಆರಾಧನೆಯ ದಿನ. ಜನವರಿ ಅಥವಾ ಫೆಬ್ರವರಿಯಲ್ಲಿ ಬೀಳುವ ಈ ಎರಡು ತಿಥಿಗಳ ನೆಪದಲ್ಲಿ ರಾಜ್ಯದ ಬಹುತೇಕ ಸಂಗೀತ ಶಾಲೆಗಳು, ದೊಡ್ಡ ನಗರದ್ದಾಗಿರಲಿ, ತಾಲ್ಲೂಕು ಕೇಂದ್ರದ್ದಾಗಿರಲಿ, ತಮ್ಮ ವಿದ್ಯಾರ್ಥಿಗಳನ್ನು ಸಭೆಯ ಮುಂದೆ ಕೂರಿಸಿ ಹಾಡಿಸುತ್ತವೆ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ. ನರಸೀಪುರಗಳೂ ಈ ರೂಢಿಗೆ ಹೊರತಲ್ಲ. ಆದರೆ ಈ ಎರಡು ಊರುಗಳ ಸಂದರ್ಭದಲ್ಲಿ ವಿದ್ಯಾರ್ಥಿ ಗಾಯನವೆಂಬ ಈ ಸಣ್ಣ ಸಂಸ್ಥೆಗೆ ಬೇರೆಡೆ ಸುಲಭವಾಗಿ ದೊರೆಯದ ಒಂದು ಹಿನ್ನೆಲೆಯಿದೆ. ಏಕೆಂದರೆ ಸಭೆಯಲ್ಲಿ ಯಾರು ಹಾಡಬಹುದು, ಯಾವಾಗ ಹಾಡಬಹುದು, ಎಷ್ಟು ದೂರಕ್ಕೆ ಕೇಳುವಂತೆ ನುಡಿಸಬಹುದು ಎಂಬ ಪ್ರಶ್ನೆಗಳಿಗೆ ಇಪ್ಪತ್ತನೆಯ ಶತಮಾನದಲ್ಲಿ ಉತ್ತರ ಹುಡುಕಿದ ಇಬ್ಬರು ಮಹಾನ್ ಕಲಾವಿದರು ಹುಟ್ಟಿದ್ದು ಇಲ್ಲಿಯೇ, ಕಪಿಲೆಯ ದಡದ ಈ ಎರಡು ಊರುಗಳಲ್ಲಿ.

ಮೊದಲಿಗೆ ವಿದ್ಯಾರ್ಥಿ ಗಾಯನವನ್ನು ಕಚೇರಿಯಿಂದ ಬೇರ್ಪಡಿಸಿ ನೋಡಬೇಕಾಗುತ್ತದೆ. ಕಚೇರಿಯೆಂದರೆ ಕಲಿಕೆಯನ್ನು ಮುಗಿಸಿದ, ಅಥವಾ ಮುಗಿಸಿದನೆಂದು ಗುರುವಿನಿಂದ ಒಪ್ಪಿಗೆ ಪಡೆದ ಕಲಾವಿದ ವರ್ಣದಿಂದ ಮಂಗಳದವರೆಗೆ ತನ್ನ ಮನೋಧರ್ಮಕ್ಕೆ, ಎಂದರೆ ಆ ಗಳಿಗೆಯ ಕಲ್ಪನೆಗೆ, ಎಡೆಮಾಡಿಕೊಂಡು ನಡೆಸುವ ಪ್ರಸ್ತುತಿ. ಅಲ್ಲಿ ಆಲಾಪನೆ, ನೆರವಲ್, ಸ್ವರಕಲ್ಪನೆಗಳು ಕೇಳುಗನ ನಿರೀಕ್ಷೆಯ ಕೇಂದ್ರದಲ್ಲಿರುತ್ತವೆ. ವಿದ್ಯಾರ್ಥಿ ಗಾಯನದಲ್ಲಿ ಇವಾವುವೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಅಲ್ಲಿ ಸಭೆಗೆ ಬರುವುದು ಪಾಠವೇ. ವಾರಕ್ಕೆ ಒಂದೆರಡು ಸಂಜೆ, ಶಾಲೆ ಬಿಟ್ಟ ಮೇಲೆ, ಬಹಳ ಬಾರಿ ಗುರುವಿನ ಮನೆಯ ನಡುಮನೆಯಲ್ಲಿಯೇ ಚಾಪೆಯ ಮೇಲೆ ನಡೆಯುವ ಪಾಠ, ವರ್ಷಕ್ಕೊಮ್ಮೆ ದೇವಸ್ಥಾನದ ಪ್ರಾಕಾರಕ್ಕೋ ಮಠದ ಸಭಾಂಗಣಕ್ಕೋ ಕಲ್ಯಾಣಮಂಟಪಕ್ಕೋ ಸ್ಥಳಾಂತರಗೊಳ್ಳುತ್ತದೆ. ಈ ಮಾತನ್ನು ಮರೆತು ವಿದ್ಯಾರ್ಥಿ ಗಾಯನವನ್ನು ಕಿರಿಯರ ಕಚೇರಿಯಾಗಿಸಲು ಹೊರಟಾಗಲೆಲ್ಲ ಅದರ ಬೆಲೆ ತಗ್ಗಿದೆ ಎನ್ನದೆ ವಿಧಿಯಿಲ್ಲ.

ಪಾಠದ ಕ್ರಮವೇ ಕಾರ್ಯಕ್ರಮದ ಕ್ರಮವಾಗಿರುವುದರಿಂದ ಆ ಪಾಠದ ರಚನೆಯನ್ನು ತುಸು ವಿವರವಾಗಿ ನೋಡುವುದು ಉಚಿತ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ ಎಂಬ ಆರಂಭದ ಮೆಟ್ಟಿಲುಗಳನ್ನು ಪುರಂದರದಾಸರೇ (1484–1564) ರೂಪಿಸಿದರೆಂದು ಪರಂಪರೆ ನಂಬುತ್ತದೆ, ಅವರನ್ನು ಕರ್ನಾಟಕ ಸಂಗೀತ ಪಿತಾಮಹರೆಂದು ಕರೆಯುವುದಕ್ಕೆ ಮುಖ್ಯ ಆಧಾರವೂ ಇದೇ. ಸರಳೆ ವರಸೆಯಲ್ಲಿ ಏಳು ಸ್ವರಗಳನ್ನು ನೇರವಾಗಿ ಏರಿ ಇಳಿಯುವ, ಮಧ್ಯದಲ್ಲಿ ಹಿಂದಿರುಗಿ ಮತ್ತೆ ಮುಂದೆ ಸಾಗುವ ವಿನ್ಯಾಸಗಳಿದ್ದರೆ, ಜಂಟಿ ವರಸೆಯಲ್ಲಿ ಪ್ರತಿ ಸ್ವರವನ್ನೂ ಜೋಡಿಯಾಗಿ, ಎರಡನೆಯದರ ಮೇಲೆ ಒತ್ತು ಕೊಟ್ಟು ಹಾಡಬೇಕಾಗುತ್ತದೆ. ಗಂಟಲಿಗೆ ಮುಂದೆ ಬರಲಿರುವ ಗಮಕಗಳ ಪೂರ್ವಸಿದ್ಧತೆ ಆಗುವುದು ಇಲ್ಲಿಯೇ. ಗೀತೆಯ ಹೊರತು ಇವೆಲ್ಲವೂ ಮಾಯಾಮಾಳವಗೌಳ ರಾಗದಲ್ಲಿವೆ. ಎಪ್ಪತ್ತೆರಡು ಮೇಳಗಳಲ್ಲಿ ಹದಿನೈದನೆಯದಾದ ಈ ರಾಗದ ಪೂರ್ವಾಂಗ ಮತ್ತು ಉತ್ತರಾಂಗಗಳು, ಎಂದರೆ ಷಡ್ಜದಿಂದ ಮಧ್ಯಮದವರೆಗಿನ ಭಾಗ ಹಾಗೂ ಪಂಚಮದಿಂದ ಮೇಲಿನ ಷಡ್ಜದವರೆಗಿನ ಭಾಗ, ಸ್ವರಾಂತರದಲ್ಲಿ ಒಂದನ್ನೊಂದು ಸರಿಯಾಗಿ ಹೋಲುತ್ತವೆ: ಷಡ್ಜಕ್ಕೆ ಅಂಟಿಕೊಂಡಂತಿರುವ ಶುದ್ಧ ರಿಷಭ, ಅಲ್ಲಿಂದ ದೂರ ಹಾರಿ ಅಂತರ ಗಾಂಧಾರ, ಮತ್ತೆ ಅದಕ್ಕೆ ಅಂಟಿಕೊಂಡ ಶುದ್ಧ ಮಧ್ಯಮ; ಪಂಚಮದಿಂದ ಮೇಲೆಯೂ ಇದೇ ನಡೆ. ಕೆಳಗಿನ ಅರ್ಧವನ್ನು ಕಲಿತ ಮಗು ಮೇಲಿನ ಅರ್ಧವನ್ನು ತಾನಾಗಿಯೇ ಊಹಿಸಿಕೊಳ್ಳುವಂತೆ ಮಾಡುವ ಈ ಸಮತೆಯ ಹಿಂದಿನ ಬೋಧನಾಬುದ್ಧಿ ಅಸಾಮಾನ್ಯವಾದುದು.

ಅಲಂಕಾರಗಳು ತಾಳದ ಪಾಠ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಸುಳಾದಿ ಸಪ್ತತಾಳಗಳು ಅನುಕ್ರಮವಾಗಿ 14, 10, 6, 10, 7, 14, 4 ಅಕ್ಷರಗಳ ಆವರ್ತನವುಳ್ಳವು; ಲಘುವೆಂದರೆ ಒಂದು ತಟ್ಟು ಮತ್ತು ಬೆರಳೆಣಿಕೆ, ದ್ರುತವೆಂದರೆ ತಟ್ಟಿ ಅಂಗೈ ತಿರುಗಿಸುವುದು, ಅನುದ್ರುತವೆಂದರೆ ಬರಿಯ ತಟ್ಟು. ಇವನ್ನು ಮೂರು ಕಾಲಗಳಲ್ಲಿ, ಕೈಯ ವೇಗವನ್ನು ಬದಲಿಸದೆ ಹಾಡಿನ ವೇಗವನ್ನು ಮಾತ್ರ ಇಮ್ಮಡಿ ನಾಲ್ಮಡಿ ಮಾಡುತ್ತ ಹಾಡಬೇಕೆಂಬುದು ನಿಯಮ. ಸಭೆಯಲ್ಲಿ ಹತ್ತಿಪ್ಪತ್ತು ಮಕ್ಕಳು ಒಟ್ಟಿಗೆ ಝಂಪೆ ತಾಳದ ಅಲಂಕಾರವನ್ನು ಹಾಡುವಾಗ ಏಳು ಅಕ್ಷರಗಳ ಲಘು ಮುಗಿದು ಒಂದೇ ಒಂದು ಅನುದ್ರುತದ ತಟ್ಟು ಬರುವ ಜಾಗದಲ್ಲಿ ಎಷ್ಟು ಕೈಗಳು ತಪ್ಪಿ ಅಂಗೈ ತಿರುಗಿಸುತ್ತವೆ ಎಂಬುದನ್ನು ಸಂಗೀತ ತಿಳಿಯದ ಪೋಷಕರೂ ಕಣ್ಣಾರೆ ಕಾಣಬಲ್ಲರು. ಕಚೇರಿಯಲ್ಲಿ ವಿದ್ವಾಂಸರಷ್ಟೇ ಗುರುತಿಸಬಲ್ಲ ತಪ್ಪು ಇಲ್ಲಿ ಎಲ್ಲರಿಗೂ ಕಾಣುವಂತಿರುತ್ತದೆ. ಇಂಥ ಪಾರದರ್ಶಕತೆಯನ್ನು ಅವಮಾನವೆಂದು ಬಗೆದು ಅಲಂಕಾರಗಳನ್ನು ಕಾರ್ಯಕ್ರಮದಿಂದಲೇ ಕೈಬಿಡುವ ಶಾಲೆಗಳೂ ಇವೆ. ಅದು ಕಳೆದುಕೊಂಡ ಅವಕಾಶವೇ ಹೊರತು ಉಳಿಸಿಕೊಂಡ ಮಾನವಲ್ಲ.

ಅಲಂಕಾರದ ನಂತರ ಪಿಳ್ಳಾರಿ ಗೀತೆಗಳು. ವಿನಾಯಕನ ಸ್ತುತಿಯಿಂದ ಮೊದಲಾಗುವ ಈ ಗೀತೆಗಳು ಮಲಹರಿ ರಾಗದವು. ಮಲಹರಿಯು ಮಾಯಾಮಾಳವಗೌಳದಿಂದಲೇ ಹುಟ್ಟಿದ ಜನ್ಯರಾಗವಾದರೂ ಅದರಲ್ಲಿ ನಿಷಾದವೇ ಇಲ್ಲ, ಗಾಂಧಾರವು ಇಳಿಯುವಾಗ ಮಾತ್ರ ಬರುತ್ತದೆ. ತಿಂಗಳುಗಟ್ಟಲೆ ಏಳೂ ಸ್ವರಗಳನ್ನು ಸಾಲಾಗಿ ಹಾಡಿ ರೂಢಿಸಿಕೊಂಡ ಗಂಟಲಿಗೆ, ಕೆಲವು ಸ್ವರಗಳನ್ನು ಬಿಟ್ಟು ಸಾಗುವುದರಿಂದಲೇ ರಾಗದ ಮುಖ ಮೂಡುತ್ತದೆಂಬ ತಿಳಿವು ಮೊದಲ ಬಾರಿಗೆ ಒದಗುವುದು ಇಲ್ಲಿ. ತಾಳವೂ ಇಲ್ಲಿ ಬದಲಾಗುತ್ತದೆ: ಆರಕ್ಷರದ ರೂಪಕದಲ್ಲಿ ಮೊದಲ ಗೀತೆಯನ್ನು ಹಾಡಿ ಮುಗಿಸಿದ ಮಕ್ಕಳು ‘ಕೆರೆಯ ನೀರನು’ ಗೀತೆಗೆ ಬರುವಾಗ ಏಳಕ್ಷರದ ತ್ರಿಪುಟಕ್ಕೆ ಕೈಯನ್ನು ಹೊಂದಿಸಿಕೊಳ್ಳಬೇಕು. ತೆಲುಗು ಮತ್ತು ಸಂಸ್ಕೃತ ಸಾಹಿತ್ಯವೇ ಮುಂದೆ ಹೆಚ್ಚಾಗಿ ಎದುರಾಗಲಿರುವ ಕಲಿಕೆಯಲ್ಲಿ, ಮಗುವೊಂದು ಅರ್ಥ ಕೇಳಿ ತಿಳಿದು ಹಾಡುವ ಕನ್ನಡದ ಗೀತೆ ಇದಾಗಿರುವುದು ಗಮನಾರ್ಹ. ದಾಸರ ಗುರುಗಳಾದ ವ್ಯಾಸರಾಯರ ಪರಂಪರೆಯ ವ್ಯಾಸರಾಜ ಮಠದ ಪೀಠವಿರುವ ಸೋಸಲೆಯು ತಿ. ನರಸೀಪುರ ತಾಲ್ಲೂಕಿನಲ್ಲಿಯೇ, ಕಾವೇರಿಯ ದಡದಲ್ಲಿದೆ. ನಂಜನಗೂಡಿನಲ್ಲಿ ರಾಯರ ಮಠವಿದೆ. ದಾಸಸಾಹಿತ್ಯವು ಈ ಭಾಗದ ಮನೆಗಳಲ್ಲಿ ಸಂಗೀತ ಪಾಠಕ್ಕೆ ಮುಂಚಿನಿಂದಲೂ ಭಜನೆಯ ರೂಪದಲ್ಲಿ ಇದ್ದುದರಿಂದ ಪಾಠದ ಗೀತೆ ಇಲ್ಲಿನ ಮಕ್ಕಳಿಗೆ ತೀರ ಹೊರಗಿನದಾಗಿ ತೋರುವುದಿಲ್ಲ.

ಗೀತೆಯ ಬಳಿಕ ಜತಿಸ್ವರ, ಸ್ವರಜತಿ, ವರ್ಣ, ಕೃತಿ. ಇವುಗಳ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾದುದಿಲ್ಲ, ಒಂದು ಮಾತಿನ ಹೊರತು: ವಿದ್ಯಾರ್ಥಿ ಗಾಯನದ ಬಹುಪಾಲು ಕಸಿವಿಸಿಗಳು ಹುಟ್ಟುವುದು ಗೀತೆಯಿಂದ ಕೃತಿಗೆ ಆತುರದಿಂದ ಹಾರುವುದರಿಂದ. ಎರಡು ವರ್ಷ ಕಲಿತ ಮಗು ಸ್ವರಜತಿಯನ್ನು ಶ್ರುತಿಬದ್ಧವಾಗಿ ಹಾಡಬಲ್ಲದು; ಅದೇ ಮಗುವಿನ ಬಾಯಿಗೆ ಸಂಗತಿಗಳು ತುಂಬಿದ ಕೃತಿಯೊಂದನ್ನು ತುರುಕಿದರೆ ಕಂಠಪಾಠದ ಸಾಮರ್ಥ್ಯ ಸಾಬೀತಾಗುತ್ತದೆಯೇ ವಿನಾ ಸಂಗೀತವಲ್ಲ. ಗುರುಗಳಿಗೆ ಇದು ಗೊತ್ತಿಲ್ಲವೆಂದಲ್ಲ. ತಂದೆ ತಾಯಿಗಳಿಂದ ಬರುವ ‘ಇನ್ನೂ ಗೀತೆಯಲ್ಲೇ ಇದ್ದಾಳೆಯೇ?’ ಎಂಬ ಪ್ರಶ್ನೆಗೆ ಪ್ರತಿ ವರ್ಷ ಉತ್ತರ ಕೊಡುವುದು ಗುರುಗಳಿಗೆ ಸುಲಭವಲ್ಲ, ಅದರಲ್ಲೂ ಶಿಷ್ಯರ ಸಂಖ್ಯೆಯ ಮೇಲೆಯೇ ಜೀವನ ನಿಂತಿರುವಾಗ.

ಸಭೆಗೆ ಬರಲು ಎಷ್ಟು ಕಾಲ ಕಾಯಬೇಕೆಂಬ ಪ್ರಶ್ನೆಯ ಒಂದು ತುದಿಯಲ್ಲಿ ನಿಲ್ಲುವವರು ತಿರುಮಕೂಡಲು ಚೌಡಯ್ಯ (1895–1967). ಕಾವೇರಿ ಕಪಿಲೆಗಳು ಸಂಗಮಿಸುವ, ಅಗಸ್ತ್ಯೇಶ್ವರನ ದೇಗುಲವಿರುವ ತಿರುಮಕೂಡಲು ತಿ. ನರಸೀಪುರ ಪಟ್ಟಣಕ್ಕೆ ಹೊಂದಿಕೊಂಡಿದ್ದು, ಊರಿನ ಹೆಸರಿನ ಮೊದಲ ಅಕ್ಷರವೂ ಅಲ್ಲಿಂದಲೇ ಬಂದದ್ದು. ಅಲ್ಲಿನ ಒಕ್ಕಲು ಮನೆತನದಲ್ಲಿ ಹುಟ್ಟಿದ ಚೌಡಯ್ಯನವರು 1910ರಲ್ಲಿ, ಹದಿನೈದರ ಹರೆಯದಲ್ಲಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಬಳಿ ಶಿಷ್ಯರಾಗಿ ಸೇರಿದರು. ಕೃಷ್ಣಪ್ಪನವರು ಶಿಸ್ತಿಗೆ ಹೆಸರಾದ ಗಾಯಕರು, ದೇವರನಾಮಗಳನ್ನು ಕಚೇರಿಯ ವೇದಿಕೆಯಲ್ಲಿ ಗೌರವದ ಸ್ಥಾನಕ್ಕೆ ತಂದವರು. ಅವರ ಗುರುಕುಲದಲ್ಲಿ ಪಿಟೀಲು ಹಿಡಿದು ಕಳೆದ ದೀರ್ಘ ಕಾಲದ ಕಠಿಣ ಸಾಧಕವೇ ಮುಂದೆ ಚೌಡಯ್ಯನವರನ್ನು ಮೈಸೂರಿನ ಆಸ್ಥಾನ ವಿದ್ವಾಂಸರನ್ನಾಗಿಯೂ, 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿಯನ್ನಾಗಿಯೂ ಮಾಡಿತು. ಅವರು ತಮ್ಮ ರಚನೆಗಳಲ್ಲಿ ಬಳಸಿದ ‘ತ್ರಿಮಕುಟ’ ಎಂಬ ಅಂಕಿತ ಹುಟ್ಟೂರಿನ ಹೆಸರೇ ಆಗಿರುವುದನ್ನು ತಿ. ನರಸೀಪುರದ ಮಕ್ಕಳಿಗೆ ಯಾರಾದರೂ ಹೇಳಿಕೊಡುವುದು ಒಳಿತು.

ಚೌಡಯ್ಯನವರ ಇನ್ನೊಂದು ಸಾಧನೆ ಸಭೆಯ ವಿಸ್ತಾರಕ್ಕೆ ಸಂಬಂಧಿಸಿದ್ದು. ಧ್ವನಿವರ್ಧಕಗಳು ಬಳಕೆಗೆ ಬರುವ ಮೊದಲು ದೊಡ್ಡ ಸಭೆಯ ಹಿಂದಿನ ಸಾಲಿಗೆ ಪಿಟೀಲಿನ ನಾದ ತಲುಪುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ ಅವರು ನಾಲ್ಕು ತಂತಿಗಳ ವಾದ್ಯಕ್ಕೆ ಮತ್ತೆ ಮೂರನ್ನು ಸೇರಿಸಿ ಏಳು ತಂತಿಗಳ ಪಿಟೀಲನ್ನು ರೂಪಿಸಿಕೊಂಡರು. ಇಂದಿನ ವಿದ್ಯಾರ್ಥಿ ಗಾಯನದಲ್ಲಿ ಸಮಸ್ಯೆ ತಿರುಗುಮುರುಗಾಗಿದೆ. ಮೂವತ್ತು ಅಡಿ ಉದ್ದದ ಕೋಣೆಯಲ್ಲಿ ಮದುವೆಮನೆಯ ಧ್ವನಿವರ್ಧಕವನ್ನು ತಂದಿಟ್ಟು, ಎಂಟು ವರ್ಷದ ಮಗುವಿನ ತುಟಿಗೆ ಮೈಕನ್ನು ತಗುಲಿಸಿ ಹಾಡಿಸುವಾಗ ಮಗುವಿಗೆ ತನ್ನ ದನಿ ಎಲ್ಲಿಂದಲೋ ಬಂದಂತೆ ಕೇಳಿ ಶ್ರುತಿ ಜಾರುತ್ತದೆ; ಪಕ್ಕದಲ್ಲಿ ಹಾಡುವ ಮಗುವಿನ ದನಿ ಕೇಳಿಸುವುದೇ ಇಲ್ಲ. ಪಾಠದ ಕೋಣೆಯಲ್ಲಿ ಮೈಕಿಲ್ಲದೆ ಸರಿಯಾಗಿ ಹಾಡುತ್ತಿದ್ದವರು ವೇದಿಕೆಯ ಮೇಲೆ ತಪ್ಪುವುದಕ್ಕೆ ಅಂಜಿಕೆಯಷ್ಟೇ ಇದೂ ಕಾರಣ. ಸಣ್ಣ ಸಭೆಗಳಲ್ಲಿ ಮೈಕನ್ನು ಶಿಷ್ಯರಿಂದ ದೂರವಿಟ್ಟರೆ, ಅಥವಾ ಇಡದೆಯೇ ಹೋದರೆ, ಕೇಳುಗರು ಸ್ವಲ್ಪ ಮೌನವಾಗಿ ಕೂರಬೇಕಾಗಬಹುದು. ಅದರಿಂದ ನಷ್ಟವೇನೂ ಇಲ್ಲ. ಚೌಡಯ್ಯನವರ ನೆನಪಿಗೆ ಬೆಂಗಳೂರಿನಲ್ಲಿ 1980ರಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಸಭಾಂಗಣವಿದೆ. ಅಷ್ಟು ದೊಡ್ಡ ಕೋಣೆಯ ಸಮಸ್ಯೆಗೆ ದೊರೆತ ಪರಿಹಾರವನ್ನು ನಡುಮನೆಯ ಅಳತೆಯ ಕೋಣೆಗೆ ಅನ್ವಯಿಸುವ ಅಗತ್ಯವಿಲ್ಲ.

ಪ್ರಶ್ನೆಯ ಇನ್ನೊಂದು ತುದಿಯಲ್ಲಿ ನಂಜನಗೂಡಿನ ಹೆಣ್ಣುಮಗಳಿದ್ದಾರೆ. ಲೋಕಕ್ಕೆ ಬೆಂಗಳೂರು ನಾಗರತ್ನಮ್ಮ ಎಂದೇ ಪರಿಚಿತರಾದ ಕಲಾವಿದೆ (1878–1952) ಹುಟ್ಟಿದ್ದು ನಂಜನಗೂಡಿನಲ್ಲಿ, ಪುಟ್ಟಲಕ್ಷ್ಮಿ ಎಂಬ ದೇವದಾಸಿ ಮನೆತನದ ಕಲಾವಿದೆಯ ಮಗಳಾಗಿ. ತಾಯಿ ಮಗಳನ್ನು ಮೈಸೂರಿಗೆ ಕರೆದೊಯ್ದು ಸಂಸ್ಕೃತವನ್ನೂ ಸಂಗೀತವನ್ನೂ ಕಲಿಸಿದರು. ಚೌಡಯ್ಯನವರು ಗುರುಕುಲಕ್ಕೆ ಸೇರಿದ ವಯಸ್ಸಿಗೆ, ಹದಿನೈದರ ಸುಮಾರಿಗೆ, ನಾಗರತ್ನಮ್ಮ ಪಿಟೀಲು ವಾದಕಿಯಾಗಿಯೂ ನರ್ತಕಿಯಾಗಿಯೂ ಸಭೆಯ ಮುಂದೆ ಬಂದಾಗಿತ್ತು. ಅವರು ಮುಂದೆ ಬೆಂಗಳೂರು, ಮದರಾಸುಗಳಲ್ಲಿ ಗಾಯಕಿಯಾಗಿ ಗಳಿಸಿದ ಸಂಪತ್ತನ್ನು ತಿರುವಯ್ಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ಸುರಿದು ಅಲ್ಲಿ ಗುಡಿಯನ್ನು ಕಟ್ಟಿಸಿದರು. ಅದು 1925ರಲ್ಲಿ ಪೂರ್ಣಗೊಂಡಿತು. ಆದರೆ ಅದೇ ಸಮಾಧಿಯ ಮುಂದೆ ಆರಾಧನೆಯ ದಿನ ಹೆಂಗಸರು ಹಾಡುವಂತಿರಲಿಲ್ಲ. ಆರಾಧನೆಯನ್ನು ನಡೆಸುತ್ತಿದ್ದ ಎರಡು ಬಣಗಳೂ ಗಂಡಸರವಾಗಿದ್ದುದರಿಂದ ನಾಗರತ್ನಮ್ಮ 1927ರಲ್ಲಿ ಹೆಂಗಸರದೇ ಮೂರನೆಯ ಬಣವನ್ನು ಕಟ್ಟಿ ಸಮಾಧಿಯ ಆವರಣದಲ್ಲಿ ಹಾಡಿಸತೊಡಗಿದರು. 1940ರ ಹೊತ್ತಿಗೆ ಈ ಬಣಗಳು ಒಂದಾದವು, ಮತ್ತು ಗಂಡಸರೂ ಹೆಂಗಸರೂ ಒಟ್ಟಿಗೆ ಕೂತು ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಹಾಡುವ ಗೋಷ್ಠಿಗಾಯನ ಆರಾಧನೆಯ ಹೃದಯಭಾಗವಾಯಿತು.

ಇಂದು ನಂಜನಗೂಡಿನ ಯಾವುದೇ ಸಂಗೀತ ತರಗತಿಯ ಆರಾಧನೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಹಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ ಆಗಿರುತ್ತಾರೆ. ಆ ಸಾಲು ಅಲ್ಲಿಗೆ ಬಂದ ದಾರಿ ತಿರುವಯ್ಯಾರಿನ ಮೂಲಕ, ಅದೇ ಊರಿನಲ್ಲಿ ಹುಟ್ಟಿದ ಒಬ್ಬ ಹೆಂಗಸಿನ ಹಟದ ಮೂಲಕ ಹಾದುಬಂದಿದೆ. ಈ ಚರಿತ್ರೆಗೆ ಕಹಿಯಾದ ಮಗ್ಗುಲೂ ಇದೆ. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು, ಆ ತೀರ್ಮಾನಕ್ಕೆ ಮುನ್ನ ನಡೆದ ಚರ್ಚೆಯಲ್ಲಿ ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಪ್ರಸ್ತಾಪವೂ ಇತ್ತು. ಸುಧಾರಣೆ ನಿಜಕ್ಕೂ ಬೇಕಾಗಿತ್ತು. ಆದರೆ ಸಂಗೀತ ನೃತ್ಯಗಳನ್ನು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದಿದ್ದ ಮನೆಗಳು ವಿದ್ಯೆಯಿಂದ ದೂರವಾದವು, ಅದುವರೆಗೆ ಹೆಣ್ಣುಮಕ್ಕಳನ್ನು ಸಭೆಯಲ್ಲಿ ಹಾಡಿಸಲು ಒಪ್ಪದಿದ್ದ ಮನೆಗಳು ಅದೇ ವಿದ್ಯೆಗೆ ಹತ್ತಿರವಾದವು. ತಿ. ನರಸೀಪುರ ತಾಲ್ಲೂಕಿನ ಮೂಗೂರು, ಮೈಸೂರು ಶೈಲಿಯ ಭರತನಾಟ್ಯದ ಒಂದು ಪರಂಪರೆಗೆ ಹೆಸರು ಕೊಟ್ಟ ಊರು. ಅಲ್ಲಿನ ಜೇಜಮ್ಮನವರ ಹೆಸರು ನೃತ್ಯದ ಚರಿತ್ರೆಯಲ್ಲಿ ಉಳಿದಿದ್ದರೂ ಮಕ್ಕಳ ವಾರ್ಷಿಕೋತ್ಸವದ ಸ್ವಾಗತ ಭಾಷಣಗಳಲ್ಲಿ ಅಪರೂಪ. ಕನ್ನಡದ ಕಾದಂಬರಿಗಾರ್ತಿಯೂ ಪ್ರಕಾಶಕಿಯೂ ಆದ ತಿರುಮಲಾಂಬ ನಂಜನಗೂಡಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಉಳಿಸಿಕೊಂಡರೆ, ನಾಗರತ್ನಮ್ಮನವರ ಹೆಸರಿನ ಮುಂದೆ ಬೆಂಗಳೂರು ಬಂದು ನಿಂತದ್ದರಿಂದ ನಂಜನಗೂಡಿಗೆ ಅವರನ್ನು ಮರೆಯುವುದು ಸುಲಭವಾಯಿತೇನೋ.

ಪಂಚರತ್ನಗಳ ಬಗ್ಗೆ ಒಂದು ವಿಶೇಷವನ್ನು ಇಲ್ಲಿ ಹೇಳದೆ ಬಿಡಲಾಗದು. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ಘನರಾಗಗಳಲ್ಲಿ, ಎಲ್ಲವೂ ಆದಿತಾಳದಲ್ಲಿ ಇರುವ ಈ ಕೃತಿಗಳಲ್ಲಿ ನಾಲ್ಕನೆಯದಾದ ವರಾಳಿಯನ್ನು ಗುರು ಶಿಷ್ಯನಿಗೆ ಎದುರು ಕೂರಿಸಿಕೊಂಡು ಕಲಿಸಿದರೆ ಇಬ್ಬರಲ್ಲಿ ವಿರಸ ಹುಟ್ಟುತ್ತದೆಂಬ ನಂಬಿಕೆ ಸಂಗೀತಗಾರರಲ್ಲಿ ಹಿಂದಿನಿಂದಲೂ ಇದೆ. ಹಾಗಾಗಿ ಅದನ್ನು ಕೇಳಿಯೇ ಕಲಿಯಬೇಕು. ಹಿಂದೆ ಗೋಷ್ಠಿಯಲ್ಲಿ ಹಿರಿಯರ ಬೆನ್ನ ಹಿಂದೆ ಕೂತು ವರ್ಷದಿಂದ ವರ್ಷಕ್ಕೆ ಕೇಳಿ ಗುನುಗಿ ಕಲಿಯುತ್ತಿದ್ದುದು, ನಂತರ ಕ್ಯಾಸೆಟ್ಟಿನಿಂದ, ಈಗ ಮೊಬೈಲಿನಿಂದ ಆಗುತ್ತಿದೆ. ನಂಬಿಕೆಯನ್ನು ಒಪ್ಪುವುದು ಬಿಡುವುದು ಬೇರೆ ವಿಚಾರ; ಪಠ್ಯಕ್ರಮದ ನಡುವೆ ಕಲಿಸಲೇಬಾರದ ಒಂದು ಪಾಠವನ್ನಿಟ್ಟು ಅದಕ್ಕೆ ಗೋಷ್ಠಿಯನ್ನೇ ಗುರುವಾಗಿಸಿದ ವ್ಯವಸ್ಥೆ, ಉದ್ದೇಶಪೂರ್ವಕವಾಗಿರಲಿ ಇಲ್ಲದಿರಲಿ, ಆರಾಧನೆಗೆ ಹೋಗಿ ಕೂರುವುದನ್ನು ಕಲಿಕೆಯ ಅಂಗವಾಗಿಸಿತ್ತು. ಮೊಬೈಲಿನಲ್ಲಿ ಒಂಟಿಯಾಗಿ ಕಲಿತು ಬಂದವರು ಗೋಷ್ಠಿಯಲ್ಲಿ ಬೇರೆ ಬೇರೆ ಪಾಠಾಂತರಗಳನ್ನು, ಎಂದರೆ ಬೇರೆ ಬೇರೆ ಗುರುಪರಂಪರೆಗಳು ಉಳಿಸಿಕೊಂಡ ಸಂಗತಿಭೇದಗಳನ್ನು, ಏಕಕಾಲಕ್ಕೆ ಹಾಡುವುದನ್ನು ಈಗ ವರಾಳಿಯಲ್ಲಿ ವಿಶೇಷವಾಗಿ ಕೇಳಬಹುದು.

ಶಾಸ್ತ್ರೀಯ ಪಾಠದ ಹೊರಗಿನ ಹಾಡುಗಳಿಗೂ ಈ ಭಾಗದಲ್ಲಿ ಆಳವಾದ ಬೇರುಗಳಿವೆ. ಹಳೆಯ ಮೈಸೂರಿನ ಶಾಲೆಗಳಲ್ಲಿ ತಲೆಮಾರುಗಳ ಮಕ್ಕಳು ಬೆಳಗಿನ ಪ್ರಾರ್ಥನೆಯಾಗಿ ಹಾಡಿದ, 1958ರ ‘ಸ್ಕೂಲ್ ಮಾಸ್ಟರ್’ ಚಿತ್ರದ ಮೂಲಕ ಮತ್ತಷ್ಟು ಮನೆಮಾತಾದ ‘ಸ್ವಾಮಿ ದೇವನೆ’ ಗೀತೆಯನ್ನು ರಚಿಸಿದವರು ಅರಮನೆಯ ವಿದ್ವಾಂಸರಾಗಿದ್ದ ಸೋಸಲೆ ಅಯ್ಯಾಶಾಸ್ತ್ರಿಗಳು. ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಯಲ್ಲಿ ನಡೆಯುವ ಭಜನಾ ಮೇಳಕ್ಕೆ ಊರೂರುಗಳಿಂದ ತಂಡಗಳು ಬರುತ್ತವೆ, ಅವುಗಳಲ್ಲಿ ವಚನಗಳನ್ನು ತತ್ತ್ವಪದಗಳನ್ನು ಹಾಡುವ ಮಕ್ಕಳೂ ಇರುತ್ತಾರೆ. ಸಂಗೀತ ಶಾಲೆಗಳ ಕಾರ್ಯಕ್ರಮಗಳಲ್ಲಿ ಈ ಧಾರೆಗಳಿಗೆ ಕೊನೆಯ ಹತ್ತು ನಿಮಿಷಗಳ ಜಾಗವಷ್ಟೇ ದೊರೆಯುವುದು, ಅದೂ ಕೀಬೋರ್ಡಿನ ಪೂರ್ವಸಿದ್ಧ ತಾಳದ ಜೊತೆ ದೊರೆಯುವುದು, ಸರಿಯಾದ ಹಂಚಿಕೆಯಲ್ಲ. ಸರಳೆ ವರಸೆಯ ಶಿಸ್ತಿನಲ್ಲಿ ಪಳಗಿದ ಗಂಟಲು ವಚನವೊಂದನ್ನು ಶ್ರುತಿ ಬಿಡದೆ, ಪದ ಮುರಿಯದೆ ಹಾಡಿದರೆ ಪಾಠದ ಫಲ ಅಲ್ಲಿಯೂ ಕೇಳಿಸುತ್ತದೆ.

ಪರೀಕ್ಷೆ ಮತ್ತು ಸ್ಪರ್ಧೆಗಳು ಬೇರೆಯೇ ಜಾತಿಯವು. ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಹಂತಗಳ ಸಂಗೀತ ಪರೀಕ್ಷೆಗಳನ್ನು ದಶಕಗಳ ಕಾಲ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ನಡೆಸಿಕೊಂಡು ಬಂದಿತು. ಸಣ್ಣ ಊರಿನ ಸಂಗೀತ ಶಿಕ್ಷಕರಿಗೆ ಈ ಪರೀಕ್ಷೆಗಳ ಪಠ್ಯಕ್ರಮವೇ ಕೈಪಿಡಿಯಾಯಿತು, ತರಗತಿಗೊಂದು ದಿಕ್ಕು ಬಂತು. ಸರ್ಕಾರಿ ಶಾಲೆಗಳ ಪ್ರತಿಭಾ ಕಾರಂಜಿಯು ಸಂಗೀತ ತರಗತಿಯ ಮೆಟ್ಟಿಲನ್ನೇ ಹತ್ತದ ಮಕ್ಕಳಿಗೂ ಭಾವಗೀತೆ, ಜನಪದಗೀತೆಗಳ ಮೂಲಕ ವೇದಿಕೆ ಕೊಡುತ್ತದೆ. ಆದರೆ ಪರೀಕ್ಷೆಯಲ್ಲಿ ಮಗು ಪರೀಕ್ಷಕರ ಮುಂದೆ ಒಂಟಿ, ಸ್ಪರ್ಧೆಯಲ್ಲಿ ಎದುರಾಳಿಗಳ ನಡುವೆ ಒಂಟಿ. ವಿದ್ಯಾರ್ಥಿ ಗಾಯನದಲ್ಲಿ ಅದು ಗುಂಪಿನ ಭಾಗ. ಗುಂಪಿನಲ್ಲಿ ತಪ್ಪಿದ ಮಗು ಪಕ್ಕದವಳ ಕೈಯನ್ನು ನೋಡಿ ಆವರ್ತನದೊಳಗೆ ಮರಳಿ ಸೇರಿಕೊಳ್ಳುತ್ತದೆ. ಹೀಗೆ ನಿಲ್ಲಿಸದೆ ಸೇರಿಕೊಳ್ಳುವ ಕೌಶಲವನ್ನು ಪರೀಕ್ಷೆಯೂ ಸ್ಪರ್ಧೆಯೂ ಕಲಿಸಲಾರವು. ಆದಕಾರಣ ಆರಾಧನೆಯ ದಿನವೇ ಪ್ರಥಮ, ದ್ವಿತೀಯ ಬಹುಮಾನಗಳನ್ನು ಘೋಷಿಸುವ ಪದ್ಧತಿ ಎಷ್ಟು ಬೇಗ ನಿಂತರೆ ಅಷ್ಟು ಒಳ್ಳೆಯದು.

ಗುಂಪು ಹಾಡುವುದೆಂದರೆ ಶ್ರುತಿಯ ತೊಡಕೂ ಹೌದು. ಏಳು ವರ್ಷದ ಹುಡುಗಿಗೆ ಹೊಂದುವ ಶ್ರುತಿ ಹದಿನಾರರ ಹುಡುಗಿಗೆ ಹೊಂದಲಾರದು. ಹನ್ನೆರಡು ಹದಿಮೂರರ ಹುಡುಗರ ದನಿ ಒಡೆಯುವ ಕಾಲದಲ್ಲಿ ಯಾವ ಶ್ರುತಿಯೂ ಹೊಂದದು, ಸಂಗೀತ ಶಾಲೆಯಿಂದ ಹುಡುಗರು ಕಣ್ಮರೆಯಾಗುವುದು ಬಹುಮಟ್ಟಿಗೆ ಈ ವಯಸ್ಸಿನಲ್ಲಿಯೇ. ಅಂಥವರ ಕೈಗೆ ಒಂದೆರಡು ವರ್ಷ ಮೃದಂಗವನ್ನೋ ಪಿಟೀಲನ್ನೋ ಕೊಟ್ಟು ಉಳಿಸಿಕೊಳ್ಳುವ ಜಾಣ ಗುರುಗಳಿದ್ದಾರೆ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ರೂಪಿಸಿದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯಿಂದ, ತಂಬೂರಿ ನುಡಿಸುವವರಿಲ್ಲದ ಊರುಗಳಲ್ಲಿಯೂ ತಪ್ಪದ ಆಧಾರಷಡ್ಜ ದೊರೆಯುವಂತಾಯಿತು. ಜೊತೆಗೆ ಶಿಷ್ಯರು ಸರದಿಯಂತೆ ತಂಬೂರಿ ಹಿಡಿದು ವೇದಿಕೆಯ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಪದ್ಧತಿ ಹೋಯಿತು, ಹಾಡದೆಯೇ ಸಭೆಯನ್ನು ಎದುರಿಸಲು ಅದಕ್ಕಿಂತ ಒಳ್ಳೆಯ ತರಬೇತಿ ಇರಲಿಲ್ಲ. ಪಕ್ಕವಾದ್ಯಕ್ಕೆ ಮಾತ್ರ ಪೆಟ್ಟಿಗೆಯ ಪರಿಹಾರವಿಲ್ಲ. ಮೃದಂಗ, ಪಿಟೀಲುಗಳವರು ಹೆಚ್ಚಾಗಿ ಮೈಸೂರಿನಿಂದ ಬರಬೇಕು. ನಂಜನಗೂಡಿಗೆ ಚಾಮರಾಜನಗರದ ರೈಲಾದರೂ ಇದೆ, ತಿ. ನರಸೀಪುರಕ್ಕೆ ಬಸ್ಸೇ ಗತಿ. ಪೂರ್ವಾಭ್ಯಾಸವಿಲ್ಲದೆ ನೇರವಾಗಿ ವೇದಿಕೆಗೆ ಬರುವ ಮೃದಂಗದವರು ಮಕ್ಕಳ ನಡೆಗೆ ತಗ್ಗಿ ನುಡಿಸಿದರೆ ಕಾರ್ಯಕ್ರಮ ಗೆದ್ದಂತೆ, ಕೈಚಳಕಕ್ಕೆ ಇಳಿದರೆ ಮಕ್ಕಳ ಕೈತಾಳ ಅವರ ಹಿಂದೆ ಓಡತೊಡಗುತ್ತದೆ.

ಎಲ್ಲಕ್ಕಿಂತ ಹಳೆಯ ದೂರು ಕೇಳುಗರದು. ಕಾರ್ಯಕ್ರಮವು ಸರಳೆ ವರಸೆಯ ಚಿಕ್ಕವರಿಂದ ಮೊದಲಾಗಿ ಕೃತಿ ಹಾಡುವ ಹಿರಿಯರಲ್ಲಿ ಮುಗಿಯುವುದರಿಂದ, ತಮ್ಮ ಮಗುವಿನ ಸರದಿ ಮುಗಿದೊಡನೆ ಮನೆಯವರು ಎದ್ದು ಹೋಗುತ್ತಾರೆ. ಕಲಿತವರು ಹಾಡುವ ಹೊತ್ತಿಗೆ ಕುರ್ಚಿಗಳು ಖಾಲಿ, ಚಿಕ್ಕವರು ಹಿರಿಯರನ್ನು ಕೇಳುವುದೇ ಇಲ್ಲ. ಹಳ್ಳಿಯ ಕೊನೆಯ ಬಸ್ಸನ್ನು ಹಿಡಿಯಬೇಕಾದವರನ್ನು ಇದಕ್ಕಾಗಿ ದೂರಲಾಗದು. ಜಪಾನಿನ ಶಿನಿಚಿ ಸುಜುಕಿ ಅವರು ಪಿಟೀಲು ಕಲಿಯುವ ಮಕ್ಕಳಿಗಾಗಿ ಬೆಳೆಸಿದ ಪದ್ಧತಿಯಲ್ಲಿ ಇದಕ್ಕೊಂದು ಸೊಗಸಾದ ಉಪಾಯವಿದೆ. 1955ರಲ್ಲಿ ಟೋಕಿಯೊದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಟ್ಟಿಗೆ ನುಡಿಸಿ ಜಗತ್ತಿನ ಗಮನ ಸೆಳೆದ ಈ ಪದ್ಧತಿಯ ಸಮೂಹ ಕಾರ್ಯಕ್ರಮಗಳಲ್ಲಿ, ಅತಿ ಕಠಿಣವಾದ ರಚನೆಯನ್ನು ನುಡಿಸುವ ಹಿರಿಯರು ಮೊದಲು ಬರುತ್ತಾರೆ. ರಚನೆಗಳು ಸುಲಭವಾಗುತ್ತ ಹೋದಂತೆ ಕಿರಿಯರು ಹಂತಹಂತವಾಗಿ ವೇದಿಕೆಗೆ ಬಂದು ಸೇರಿಕೊಳ್ಳುತ್ತಾರೆ. ಎಲ್ಲರಿಗೂ ತಿಳಿದ ಮೊದಲ ಪಾಠವನ್ನು ಎಲ್ಲರೂ ಒಟ್ಟಿಗೆ ನುಡಿಸುವುದರೊಂದಿಗೆ ಕಾರ್ಯಕ್ರಮ ಮುಗಿಯುತ್ತದೆ. ಹಿರಿಯರು ತಮ್ಮ ಹಳೆಯ ಪಾಠವನ್ನು ಮರೆಯುವಂತಿಲ್ಲ, ಕಿರಿಯರ ಮನೆಯವರು ಮೊದಲೇ ಹೊರಡುವಂತಿಲ್ಲ.

ಪುರಂದರದಾಸರ ಪಾಠಕ್ರಮ ಇದಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಇಲ್ಲಿಯೂ ವಿದ್ವತ್ತಿಗೆ ಕೂರುವವರಿಂದ ಹಿಡಿದು ನಿನ್ನೆ ಸೇರಿದವರವರೆಗೆ ಎಲ್ಲರ ಮೊದಲ ಪಾಠ ಒಂದೇ. ತ್ಯಾಗರಾಜರ ಪಂಚಮಿಯಂದು ಹಿರಿಯರ ಪಂಚರತ್ನದಿಂದ ಆರಂಭಿಸಿ, ವರ್ಣಕ್ಕೆ, ಸ್ವರಜತಿಗೆ, ಗೀತೆಗೆ ಇಳಿದು, ದಾಸರ ಅಮಾವಾಸ್ಯೆಯಂದು ಎಲ್ಲರೂ ಕೂಡಿ ಮಾಯಾಮಾಳವಗೌಳದ ಮೊದಲ ಸರಳೆಯನ್ನು ಮೂರು ಕಾಲಗಳಲ್ಲಿ ಹಾಡುವಂತೆ ಈ ದಿನಗಳನ್ನು ಹೊಂದಿಸಿಕೊಳ್ಳಲು ದುಡ್ಡಾಗಲಿ ದೊಡ್ಡ ಸಭಾಂಗಣವಾಗಲಿ ಬೇಕಾಗಿಲ್ಲ. ಏಳು ವರ್ಷ ಕಲಿತವರನ್ನು ಮತ್ತೆ ಸರಳೆಗೆ ಕೂರಿಸುವ ಗುರುವಿನ ಗಟ್ಟಿತನವಷ್ಟೇ ಬೇಕು. ಮೂರನೆಯ ಕಾಲದಲ್ಲಿ ಗುಂಪು ಓಡುವುದು ಖಂಡಿತ, ಹಿರಿಯರೂ ಓಡುತ್ತಾರೆ. ಅಮಾವಾಸ್ಯೆ ಕಳೆದ ಮೊದಲ ತರಗತಿಯಲ್ಲಿ ಗುರುಗಳು ಪಾಠವನ್ನು ಎಲ್ಲಿಂದ ಎತ್ತಿಕೊಳ್ಳಬೇಕೆಂಬುದು ಅಲ್ಲಿಗೆ ತೀರ್ಮಾನವಾಗಿರುತ್ತದೆ.